ಹದಿನೈದು ಪ್ರಾಣ ತೆಗೆದ ಸುಳ್ಳು ಸಾಕ್ಷಿ

ಮಾಡದ ಅಪರಾಧವನ್ನು ಒಬ್ಬನ ತಲೆಗೆ ಕಟ್ಟಿ, ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ನುಡಿದು, ಅವನನ್ನು ಗಲ್ಲಿಗೇರಿಸಿದವನಿಗೆ ಏನು ಶಿಕ್ಷೆ ಕೊಡಬೇಕು? ಓದುಗರೇ, ಕೊಲೆಗೆ ಯಾವ ಶಿಕ್ಷೆಯೋ ಅದೇ ಶಿಕ್ಷೆ ಎಂದು ನೀವು ಥಟ್ಟನೆ ಹೇಳಬಹುದು. ನಮ್ಮ ದೇಶದ ಕಾನೂನು ಕೂಡ ಹೆಚ್ಚು ಕಡಿಮೆ ಹಾಗೆಯೇ ಹೇಳುತ್ತದೆ. ಆದರೆ 1685ರಲ್ಲಿ ಲಂಡನ್ನಿನ ನ್ಯಾಯಾಧೀಶರ ಮುಂದೆ ಇದೇ ಪ್ರಶ್ನೆ ಬಂದಾಗ, ಆ ದೇಶದ ಕಾನೂನಿನಲ್ಲಿ ಅದಕ್ಕೆ ತಕ್ಕ ಉತ್ತರವೇ ಇರಲಿಲ್ಲ. ಆ ಮೊಕದ್ದಮೆಯ ಕಥೆಯನ್ನು ಈ ಲೇಖನದಲ್ಲಿ ಹೇಳುತ್ತೇನೆ. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ವಿನಂತಿ.

ಸುಳ್ಳು ಆರೋಪದ ಬಗ್ಗೆ ಪ್ರಾಚೀನ ಕಾನೂನುಗಳು ಮೌನವಾಗಿರಲಿಲ್ಲ. ಸುಮಾರು 3700 ವರ್ಷಗಳ ಹಿಂದೆ ಬ್ಯಾಬಿಲೋನಿನ ಅರಸ ಹಮ್ಮುರಬಿ ಕಲ್ಲಿನಲ್ಲಿ ಕೆತ್ತಿಸಿದ ನಿಯಮಗಳ ಪೈಕಿ ಮೊಟ್ಟಮೊದಲನೆಯದೇ ಇದು: ಒಬ್ಬನ ಮೇಲೆ ಕೊಲೆಯ ಆರೋಪ ಹೊರಿಸಿ ಅದನ್ನು ಸಾಬೀತುಪಡಿಸಲಾಗದಿದ್ದರೆ ಆರೋಪ ಹೊರಿಸಿದವನಿಗೇ ಮರಣದಂಡನೆ. ಬನೀ ಇಸ್ರಾಈಲರ ಧರ್ಮಶಾಸ್ತ್ರದಲ್ಲಿ, ಸುಳ್ಳು ಸಾಕ್ಷಿಯು ತನ್ನ ಸಹೋದರನಿಗೆ ಏನು ಬಗೆದನೋ ಅದನ್ನೇ ಅವನಿಗೆ ಮಾಡಬೇಕೆಂಬ ವಿಧಿಯಿದೆ. ಪವಿತ್ರ ಕುರ್‌ಆನಿನ ಸೂರಃ ಅನ್ನೂರ್‌ನ 4ನೇ ವಚನದ ಆದೇಶ ನಿಮಗೆಲ್ಲ ತಿಳಿದೇ ಇದೆ. ಶೀಲವತಿಯರ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತರದವರಿಗೆ 80 ಛಡಿಯೇಟು. ಅಷ್ಟೇ ಅಲ್ಲ, ಅವರ ಸಾಕ್ಷ್ಯವನ್ನು ಮುಂದೆಂದೂ ಸ್ವೀಕರಿಸಬಾರದು. ಛಡಿಯೇಟಿನ ಮಾತು ಎಲ್ಲರಿಗೂ ನೆನಪಿರುತ್ತದೆ, ಸಾಕ್ಷ್ಯದ ಮಾತು ಮರೆತುಹೋಗುತ್ತದೆ. ಈ ಎರಡನೆಯ ಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡಿರಿ. ಸಾವಿರ ವರ್ಷಗಳ ನಂತರ ಇಂಗ್ಲೆಂಡಿನ ಪಾರ್ಲಿಮೆಂಟು ಇದೇ ವಿಷಯದಲ್ಲಿ ಜಗಳವಾಡಿದ್ದನ್ನು ಮುಂದೆ ಕಾಣುವಿರಿ.

ನಮ್ಮ ಕಥಾನಾಯಕನ ಹೆಸರು ಟೈಟಸ್ ಓಟ್ಸ್. ನಾಯಕ ಎಂಬ ಮಾತು ಅವನಿಗೆ ಸಲ್ಲದು, ಬೇರೆ ಪದವಿಲ್ಲದೆ ಬಳಸಿದ್ದೇನೆ. 1649ರಲ್ಲಿ ಹುಟ್ಟಿದ ಇವನು ಒಬ್ಬ ಪಾದ್ರಿಯ ಮಗ. ಶಾಲೆಯಿಂದ ಹೊರಹಾಕಿಸಿಕೊಂಡ, ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಹೋಗಿ ಪದವಿಯಿಲ್ಲದೆ ಹಿಂದಿರುಗಿದ. ಹೇಗೋ ಪಾದ್ರಿಯಾದ. ಹೇಸ್ಟಿಂಗ್ಸ್ ಎಂಬ ಊರಿನಲ್ಲಿದ್ದಾಗ ಅಲ್ಲಿನ ಶಾಲಾ ಉಪಾಧ್ಯಾಯನ ಮೇಲೆ ಅಂದು ಘೋರವೆಂದು ಎಣಿಸಲಾಗಿದ್ದ ಒಂದು ಲೈಂಗಿಕ ಅಪರಾಧದ ಆರೋಪ ಹೊರಿಸಿದ. ಉಪಾಧ್ಯಾಯನ ಕೆಲಸದ ಮೇಲೆ ಇವನಿಗೆ ಕಣ್ಣಿತ್ತು. ಆರೋಪ ಸುಳ್ಳೆಂದು ಬಯಲಾಗಿ, ಸುಳ್ಳು ಪ್ರಮಾಣದ ಮೊಕದ್ದಮೆ ಇವನ ಮೇಲೆಯೇ ತಿರುಗಿತು. ಓಟ್ಸ್ ತಪ್ಪಿಸಿಕೊಂಡು ಹಡಗಿನ ಪಾದ್ರಿಯಾಗಿ ಸಮುದ್ರ ಸೇರಿದ. ಆ ಮೊಕದ್ದಮೆ ಅಂದೇ ಸರಿಯಾಗಿ ನಡೆದು ಮುಗಿದಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲವೋ ಏನೋ!

ಅಂದಿನ ಇಂಗ್ಲೆಂಡಿನ ವಾತಾವರಣವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ದೇಶ ಪ್ರಾಟೆಸ್ಟೆಂಟ್ ಕ್ರೈಸ್ತರದು. ಕ್ಯಾಥೊಲಿಕ್ ಕ್ರೈಸ್ತರು ಬಹಳ ಚಿಕ್ಕ ಸಂಖ್ಯೆಯ ಅಲ್ಪಸಂಖ್ಯಾತರು. ಅವರ ನಿಷ್ಠೆ ರೋಮಿನ ಪೋಪನಿಗೇ ಹೊರತು ರಾಜನಿಗಲ್ಲ ಎಂಬ ಗುಮಾನಿ ಬಹುಸಂಖ್ಯಾತರ ಮನಸ್ಸಿನಲ್ಲಿ ಬೇರೂರಿತ್ತು. 1605ರಲ್ಲಿ ಕೆಲವು ಕ್ಯಾಥೊಲಿಕರು ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಹಾರಿಸಲು ನಿಜವಾಗಿಯೂ ಸಂಚು ಮಾಡಿದ್ದರು. ಅಂದಿನಿಂದ ಏನು ನಡೆದರೂ ಬೆರಳು ಅವರತ್ತಲೇ ತಿರುಗುತ್ತಿತ್ತು. 1666ರಲ್ಲಿ ಲಂಡನ್ ನಗರಕ್ಕೆ ಬೆಂಕಿ ಬಿದ್ದು ಬಹುಭಾಗ ಸುಟ್ಟುಹೋದಾಗ ಅದನ್ನೂ ಇವರೇ ಹಚ್ಚಿದರೆಂಬ ವದಂತಿ ಹಬ್ಬಿತು. ಆ ಅಗ್ನಿ ದುರಂತದ ನೆನಪಿಗೆ ಕಟ್ಟಿದ ಸ್ಮಾರಕ ಸ್ತಂಭದ ಮೇಲೆ 1681ರಲ್ಲಿ ಈ ವದಂತಿಯನ್ನೇ ಅಕ್ಷರಗಳಲ್ಲಿ ಕೆತ್ತಿಸಲಾಯಿತು. ಆ ಸಾಲುಗಳು ಕೊನೆಯದಾಗಿ ಅಳಿದದ್ದು 1830ರಲ್ಲಿ. ಬಾಯಿಂದ ಬಾಯಿಗೆ ಹೋದ ಸುಳ್ಳು ಕಲ್ಲಿಗೆ ಏರಿದರೆ ಇಳಿಯಲು ಎಷ್ಟು ಕಾಲ ಬೇಕು ನೋಡಿ.

ಇದರ ಜೊತೆಗೆ ರಾಜಕೀಯವೂ ಸೇರಿತ್ತು. ರಾಜ ಎರಡನೇ ಚಾರ್ಲ್ಸ್‌ಗೆ ಕಾನೂನುಬದ್ಧ ಸಂತಾನವಿರಲಿಲ್ಲ. ಅವನ ನಂತರ ಪಟ್ಟಕ್ಕೆ ಬರಬೇಕಾದ ತಮ್ಮ ಜೇಮ್ಸ್ ಕ್ಯಾಥೊಲಿಕ್ ಆಗಿದ್ದ. ಅವನಿಗೆ ಪಟ್ಟ ತಪ್ಪಿಸಬೇಕೆಂಬ ಪ್ರಬಲ ಗುಂಪೊಂದು ಒಂದು ನೆಪಕ್ಕಾಗಿ ಕಾದು ಕುಳಿತಿತ್ತು.

ಓಟ್ಸ್ 1677ರಲ್ಲಿ ತಾನು ಕ್ಯಾಥೊಲಿಕ್ ಆದೆನೆಂದು ಸಾರಿ, ಸ್ಪೇನಿನ ವಲ್ಲದೊಲಿದ್‌ನಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ವಿದ್ಯಾಲಯ ಸೇರಿದ. ಅಲ್ಲಿಂದ ಹೊರಹಾಕಿದರು. ಫ್ರಾನ್ಸಿನ ಸೇಂಟ್ ಓಮರ್‌ನಲ್ಲಿದ್ದ ವಿದ್ಯಾಲಯ ಸೇರಿದ. 1678ರ ಬೇಸಿಗೆಯಲ್ಲಿ ಅಲ್ಲಿಂದಲೂ ಹೊರಹಾಕಿದರು. ಲಂಡನ್ನಿಗೆ ಮರಳಿ, ಜೆಸ್ಯೂಟರ ಮೇಲೆ ವಿಪರೀತ ದ್ವೇಷವಿದ್ದ ಇಸ್ರೇಲ್ ಟಾಂಗ್ ಎಂಬ ಪಾದ್ರಿಯ ಜೊತೆ ಸೇರಿ 43 ಅಂಶಗಳ ಒಂದು ದೂರು ಬರೆದ. ಜೆಸ್ಯೂಟರು ರಾಜನನ್ನು ಕೊಂದು, ಜೇಮ್ಸನನ್ನು ಸಿಂಹಾಸನದ ಮೇಲೆ ಕೂರಿಸಿ, ದೇಶವನ್ನು ಪೋಪನ ಕೈಗೆ ಒಪ್ಪಿಸಲು ಸಂಚು ಮಾಡಿದ್ದಾರೆ. 1678ರ ಏಪ್ರಿಲ್ 24ರಂದು ಲಂಡನ್ನಿನ ಒಂದು ಛತ್ರದಲ್ಲಿ ಅವರ ಗುಪ್ತ ಸಭೆ ನಡೆಯಿತು, ಆ ಸಭೆಯಲ್ಲಿ ತಾನೂ ಇದ್ದೆ. ಇದು ಅವನ ಕಥೆ. ಈ ತಾರೀಖನ್ನು ಮರೆಯಬೇಡಿ.

ಸೆಪ್ಟೆಂಬರ್ 28ರಂದು ಪ್ರೀವಿ ಕೌನ್ಸಿಲ್ ಎಂಬ ರಾಜನ ಸಲಹಾ ಸಭೆ ಅವನನ್ನು ಕರೆಸಿ ಕೇಳಿತು. ಮರುದಿನ ರಾಜನೇ ಪಾಟೀ ಸವಾಲು ಹಾಕಿದ. ಸ್ಪೇನಿನ ಡಾನ್ ಜಾನ್‌ನನ್ನು ಭೇಟಿಯಾಗಿದ್ದೆಯಲ್ಲ, ಅವನು ನೋಡಲು ಹೇಗಿದ್ದಾನೆ ಎಂದು ಕೇಳಿದ. ಎತ್ತರದ, ತೆಳ್ಳಗಿನ ಮನುಷ್ಯ ಎಂದ ಓಟ್ಸ್. ಡಾನ್ ಜಾನ್‌ನನ್ನು ಕಣ್ಣಾರೆ ಕಂಡಿದ್ದ ರಾಜನಿಗೆ ಅವನು ಕುಳ್ಳಗೆ ದಪ್ಪಗೆ ಇದ್ದಾನೆಂದು ಗೊತ್ತಿತ್ತು. ಪ್ಯಾರಿಸ್ಸಿನಲ್ಲಿ ಜೆಸ್ಯೂಟರ ಮನೆ ಎಲ್ಲಿದೆ ಎಂಬ ಪ್ರಶ್ನೆಗೂ ತಪ್ಪು ಉತ್ತರವೇ ಬಂತು. ರಾಜನಿಗೆ ಇವನೊಬ್ಬ ಸುಳ್ಳುಗಾರ ಎಂದು ಅಂದೇ ತಿಳಿಯಿತು. ಹಾಗಾದರೆ ಅಲ್ಲಿಗೇ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ.

ಓಟ್ಸನ ಪ್ರಮಾಣ ಹೇಳಿಕೆಯನ್ನು ದಾಖಲಿಸಿಕೊಂಡಿದ್ದ ಮ್ಯಾಜಿಸ್ಟ್ರೇಟ್ ಸರ್ ಎಡ್ಮಂಡ್ ಬೆರಿ ಗಾಡ್‌ಫ್ರಿ ಅಕ್ಟೋಬರ್ 12ರಂದು ಕಾಣೆಯಾದ. ಐದು ದಿನಗಳ ನಂತರ ಪ್ರಿಮ್‌ರೋಸ್ ಹಿಲ್ ಬಳಿಯ ಹಳ್ಳದಲ್ಲಿ ಅವನ ಶವ ಸಿಕ್ಕಿತು. ಕುತ್ತಿಗೆಯ ಮೇಲೆ ಉರುಲಿನ ಗುರುತು, ಎದೆಯಲ್ಲಿ ಅವನದೇ ಕತ್ತಿ. ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಆದರೆ ಲಂಡನ್ನಿನ ಜನರಿಗೆ ಅದು ಅಂದೇ ಬಗೆಹರಿದಿತ್ತು! ಕ್ಯಾಥೊಲಿಕರನ್ನು ಹಿಡಿದು ಸೆರೆಮನೆಗಳನ್ನು ತುಂಬಿದರು. ಕೊಲೆಗಾರರ ಸುಳಿವು ಕೊಟ್ಟವರಿಗೆ 500 ಪೌಂಡ್ ಬಹುಮಾನ ಸಾರಿದರು. ಬಹುಮಾನವಿದ್ದ ಮೇಲೆ ಸಾಕ್ಷಿಗಳಿಗೆ ಬರವೇ? ವಿಲಿಯಂ ಬೆಡ್ಲೊ ಎಂಬ ವಂಚಕ ಮುಂದೆ ಬಂದ. ರಾಜದ್ರೋಹದ ಮೊಕದ್ದಮೆಗೆ ಎರಡು ಸಾಕ್ಷಿಗಳು ಬೇಕೆಂಬ ನಿಯಮವಿತ್ತು, ಓಟ್ಸನಿಗೆ ಜೊತೆಗಾರ ಸಿಕ್ಕಂತಾಯಿತು. ಮೈಲ್ಸ್ ಪ್ರಾನ್ಸ್ ಎಂಬ ಬೆಳ್ಳಿ ಕೆಲಸಗಾರನನ್ನು ಹಿಡಿದು ನ್ಯೂಗೇಟ್ ಸೆರೆಮನೆಯ ಕೊರೆಯುವ ಚಳಿಯ ಕೋಣೆಯಲ್ಲಿ ಹಾಕಿದರು. ಅವನು ಒಪ್ಪಿಕೊಂಡ, ಆಮೇಲೆ ತಾನು ಹೇಳಿದ್ದು ಸುಳ್ಳೆಂದ, ಮತ್ತೆ ಚಳಿಯ ಕೋಣೆಗೆ ಹೋದ ಮೇಲೆ ಪುನಃ ಒಪ್ಪಿಕೊಂಡ. ಅವನ ಮಾತಿನ ಮೇಲೆ 1679ರ ಫೆಬ್ರವರಿಯಲ್ಲಿ ಮೂವರು ಬಡ ಕೆಲಸಗಾರರನ್ನು ಗಲ್ಲಿಗೇರಿಸಲಾಯಿತು.

ಓಟ್ಸ್ ಈಗ ದೇಶದ ರಕ್ಷಕ. ವೈಟ್‌ಹಾಲ್ ಅರಮನೆಯಲ್ಲಿ ವಾಸ, ವರ್ಷಕ್ಕೆ 1200 ಪೌಂಡ್ ಭತ್ಯೆ, ಜೊತೆಗೆ ಕಾವಲುಗಾರರು. ಅವನು ಬೆರಳು ತೋರಿಸಿದವನು ಸೆರೆಮನೆಗೆ. ಇಷ್ಟಾದರೂ ಅವನ ಸುಳ್ಳು ಬಹಳ ಜಾಣ ಸುಳ್ಳೇನೂ ಆಗಿರಲಿಲ್ಲ. ಎಡ್ವರ್ಡ್ ಕೋಲ್ಮನ್ ಎಂಬವನು ಸಂಚಿನ ಮುಖ್ಯಸ್ಥರಲ್ಲೊಬ್ಬ, ಅವನನ್ನು ತಾನು ಚೆನ್ನಾಗಿ ಬಲ್ಲೆ ಎಂದಿದ್ದ ಓಟ್ಸ್, ಸಲಹಾ ಸಭೆಯಲ್ಲಿ ಕೋಲ್ಮನ್ ಎದುರಿಗೇ ಬಂದು ನಿಂತಾಗ ಗುರುತು ಹಿಡಿಯಲಿಲ್ಲ. ವಿಚಾರಣೆಯಲ್ಲಿ ಇದನ್ನು ಕೇಳಿದಾಗ ಮೇಣದ ಬತ್ತಿಯ ಬೆಳಕು ಸಾಲದಾಗಿತ್ತು, ತನಗೆ ಆಯಾಸವಾಗಿತ್ತು ಎಂದ. ಕೋಲ್ಮನ್ ಫ್ರಾನ್ಸಿನ ಅರಮನೆಯವರಿಗೆ ಬರೆದಿದ್ದ ಅವಿವೇಕದ ಪತ್ರಗಳು ಸಿಕ್ಕಿದ್ದೂ ನಿಜ. ಆದರೆ ಅವುಗಳಲ್ಲಿ ರಾಜನ ಕೊಲೆಯ ಸಂಚು ಇರಲಿಲ್ಲ. 1678ರ ಡಿಸೆಂಬರ್ 3ರಂದು ಅವನನ್ನು ಕೊಂದರು.

ನನ್ನ ದೃಷ್ಟಿಯಲ್ಲಿ ಈ ಇಡೀ ಇತಿಹಾಸದ ತಿರುಳು ಇರುವುದು 1679ರ ಜೂನಿನಲ್ಲಿ ನಡೆದ ಐವರು ಜೆಸ್ಯೂಟರ ವಿಚಾರಣೆಯಲ್ಲಿ. ಸೇಂಟ್ ಓಮರ್ ವಿದ್ಯಾಲಯದಿಂದ 16 ಮಂದಿ ಸಮುದ್ರ ದಾಟಿ ಸಾಕ್ಷಿ ಹೇಳಲು ಬಂದರು. ಅವರಲ್ಲಿ ಹೆಚ್ಚಿನವರು ಹುಡುಗರು, ಅಲ್ಲಿ ಕಲಿಯುತ್ತಿದ್ದ ವಿದ್ಯಾರ್ಥಿಗಳು. 1678ರ ಏಪ್ರಿಲ್ 24ರಂದು ಓಟ್ಸ್ ಲಂಡನ್ನಿನಲ್ಲಿ ಇರಲೇ ಇಲ್ಲ, ನಮ್ಮ ಜೊತೆ ಸೇಂಟ್ ಓಮರ್‌ನಲ್ಲಿದ್ದ ಎಂದು ಒಬ್ಬೊಬ್ಬರಾಗಿ ಹೇಳಿದರು. ಇದಕ್ಕಿಂತ ಗಟ್ಟಿಯಾದ ಪ್ರತಿಸಾಕ್ಷ್ಯ ಯಾವುದಿದೆ? ಆದರೆ ಮುಖ್ಯ ನ್ಯಾಯಾಧೀಶ ಸ್ಕ್ರಾಗ್ಸ್‌ನ ನ್ಯಾಯಾಲಯದಲ್ಲಿ ಅವರ ಮಾತಿಗೆ ಬೆಲೆ ಬರಲಿಲ್ಲ. ಅವರು ಕ್ಯಾಥೊಲಿಕರು, ತಮ್ಮ ಧರ್ಮಕ್ಕಾಗಿ ಸುಳ್ಳು ಹೇಳಲು ಹೇಸದವರು ಎಂಬುದೇ ಕಾರಣ. ಅದಕ್ಕೆ ತಕ್ಕಂತೆ ಆ ಕಾಲದ ಕಾನೂನು ಕೂಡ ಆರೋಪಿಯ ಕೈ ಕಟ್ಟಿಹಾಕಿತ್ತು. ರಾಜದ್ರೋಹದ ಆರೋಪಿಗೆ ವಕೀಲನಿಲ್ಲ, ಆರೋಪಪಟ್ಟಿಯ ಪ್ರತಿಯಿಲ್ಲ, ಅವನ ಪರ ಸಾಕ್ಷಿಗಳಿಗೆ ಪ್ರಮಾಣ ಮಾಡುವ ಹಕ್ಕೂ ಇಲ್ಲ. ಓಟ್ಸನದು ಪ್ರಮಾಣ ಮಾಡಿ ಹೇಳಿದ ಮಾತು, ಆ ಹುಡುಗರದು ಬರೀ ಮಾತು. ಜೂನ್ 20ರಂದು ಐವರನ್ನೂ ಕೊಂದರು.

ಒಂದು ತಿಂಗಳೊಳಗೆ ಗಾಳಿ ತಿರುಗತೊಡಗಿತು. ರಾಣಿಯ ವೈದ್ಯ ಸರ್ ಜಾರ್ಜ್ ವೇಕ್‌ಮನ್ ರಾಜನಿಗೆ ವಿಷವಿಡಲು 15,000 ಪೌಂಡಿಗೆ ಒಪ್ಪಿಕೊಂಡಿದ್ದನೆಂದು ಓಟ್ಸ್ ಪ್ರಮಾಣ ಮಾಡಿದ್ದ. ವೇಕ್‌ಮನ್ ಬಗ್ಗೆ ನಿನಗೆ ಸ್ವತಃ ಏನಾದರೂ ಗೊತ್ತೇ ಎಂದು ಸಲಹಾ ಸಭೆಯಲ್ಲಿ ಕೇಳಿದಾಗ ಇವನು ಇಲ್ಲವೆಂದಿದ್ದ ಎಂದು ಆ ಸಭೆಯ ಗುಮಾಸ್ತನೇ ನ್ಯಾಯಾಲಯದಲ್ಲಿ ಹೇಳಿಬಿಟ್ಟ. ಗುಮಾಸ್ತ ಪ್ರಾಟೆಸ್ಟೆಂಟ್, ಸರಕಾರಿ ಅಧಿಕಾರಿ. ಅವನ ಮಾತನ್ನು ತಳ್ಳಿಹಾಕಲಾಗಲಿಲ್ಲ. ಜುಲೈ 18ರಂದು ವೇಕ್‌ಮನ್ ಬಿಡುಗಡೆಯಾದ. ಹಾಗೆಂದು ಸಾವುಗಳು ನಿಲ್ಲಲಿಲ್ಲ. ವೃದ್ಧ ಲಾರ್ಡ್ ಸ್ಟಾಫರ್ಡ್‌ನನ್ನು 1680ರ ಡಿಸೆಂಬರ್ 29ರಂದು ಶಿರಚ್ಛೇದ ಮಾಡಿದರು. 1681ರ ಜುಲೈ 1ರಂದು ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್ ಬೇರೆ ಸುಳ್ಳು ಸಾಕ್ಷಿಗಳ ಮಾತಿಗೆ ಬಲಿಯಾದ. ಎಲ್ಲ ಸೇರಿ ಕನಿಷ್ಠ 15 ನಿರಪರಾಧಿಗಳು ಮರಣದಂಡನೆಗೆ ಗುರಿಯಾದರೆಂದು ಇತಿಹಾಸಕಾರರ ಲೆಕ್ಕ. ಸೆರೆಮನೆಯಲ್ಲೇ ಸತ್ತವರು ಬೇರೆ.

1685ರ ಫೆಬ್ರವರಿಯಲ್ಲಿ ಚಾರ್ಲ್ಸ್ ತೀರಿಕೊಂಡ. ಓಟ್ಸನ ಸುಳ್ಳಿನ ಗುರಿಯಾಗಿದ್ದ ಜೇಮ್ಸನೇ ರಾಜನಾದ. ಮೇ 8 ಮತ್ತು 9ರಂದು ಓಟ್ಸನ ಮೇಲೆ ಎರಡು ಸುಳ್ಳು ಪ್ರಮಾಣದ ಮೊಕದ್ದಮೆಗಳು ನಡೆದವು. ಮೊದಲನೆಯದು, ಅದೇ ಏಪ್ರಿಲ್ 24ರ ವಿಷಯ. ಸೇಂಟ್ ಓಮರ್‌ನವರು ಮತ್ತೆ ಬಂದು ಆರು ವರ್ಷಗಳ ಹಿಂದೆ ಹೇಳಿದ್ದನ್ನೇ ಹೇಳಿದರು. ಈ ಸಲ ಎಲ್ಲರೂ ನಂಬಿದರು. ಸಾಕ್ಷಿಗಳು ಅವರೇ, ಸಾಕ್ಷ್ಯವೂ ಅದೇ, ಸಿಂಹಾಸನದ ಮೇಲೆ ಕುಳಿತವನು ಮಾತ್ರ ಬೇರೆ. ಎರಡನೆಯದು, ಗಲ್ಲಿಗೇರಿದ್ದ ವಿಲಿಯಂ ಐರ್ಲೆಂಡ್ ಎಂಬ ಪಾದ್ರಿ 1678ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿದ್ದನೆಂಬ ಸುಳ್ಳು. ಅವನು ಆಗ ದೂರದ ಸ್ಟಾಫರ್ಡ್‌ಶೈರ್‌ನಲ್ಲಿದ್ದದ್ದು ರುಜುವಾತಾಯಿತು. ಎರಡರಲ್ಲೂ ಓಟ್ಸ್ ಅಪರಾಧಿ ಎಂದು ತೀರ್ಪಾಯಿತು.

ಈಗ ಶಿಕ್ಷೆಯ ಪ್ರಶ್ನೆ. ನಾನು ಆರಂಭದಲ್ಲಿ ಹೇಳಿದ ತೊಡಕು ಇಲ್ಲಿದೆ. ಇಂಗ್ಲೆಂಡಿನ ಕಾನೂನಿನಲ್ಲಿ ಸುಳ್ಳು ಪ್ರಮಾಣವು ಒಂದು ಲಘು ಅಪರಾಧ ಮಾತ್ರ. ಅದರಿಂದ ಒಬ್ಬ ಸತ್ತನೋ ಹದಿನೈದು ಜನ ಸತ್ತರೋ ಎಂಬುದು ಲೆಕ್ಕಕ್ಕಿಲ್ಲ. ಮರಣದಂಡನೆ ಕೊಡುವಂತಿಲ್ಲ. ಮುಖ್ಯ ನ್ಯಾಯಾಧೀಶ ಜೆಫ್ರೀಸ್ ಮತ್ತು ಅವನ ಜೊತೆಗಾರರು ಇದಕ್ಕೆ ಬಹಿರಂಗವಾಗಿಯೇ ವಿಷಾದಪಟ್ಟರು. ಕಾನೂನು ಕೊಡಲಾಗದ ಸಾವನ್ನು ಚಾಟಿಯಿಂದ ಕೊಡಿಸಲು ಹೊರಟರು ಎಂದೇ ಹೇಳಬೇಕು. 2000 ಮಾರ್ಕ್ ದಂಡ, ಪಾದ್ರಿಯ ಉಡುಪಿನಿಂದ ವಂಚಿತ, ಕುತ್ತಿಗೆ ಕೈಗಳನ್ನು ಮರದ ಹಲಗೆಯ ತೂತುಗಳಲ್ಲಿ ಸಿಕ್ಕಿಸಿ ಊರ ಮುಂದೆ ನಿಲ್ಲಿಸುವುದು, ಆಲ್ಡ್‌ಗೇಟ್‌ನಿಂದ ನ್ಯೂಗೇಟ್‌ವರೆಗೆ ಚಾಟಿಯೇಟು, ಒಂದು ದಿನ ಬಿಟ್ಟು ನ್ಯೂಗೇಟ್‌ನಿಂದ ಟೈಬರ್ನ್‌ವರೆಗೆ ಮತ್ತೆ ಚಾಟಿಯೇಟು, ಜೀವಾವಧಿ ಸೆರೆ, ಬದುಕಿರುವವರೆಗೆ ವರ್ಷಕ್ಕೆ ಐದು ಬಾರಿ ಪುನಃ ಆ ಹಲಗೆಯಲ್ಲಿ ನಿಲ್ಲುವುದು. ಎರಡನೆಯ ಚಾಟಿಯೇಟಿನ ದಿನ ಅವನು ನಿಲ್ಲಲಾರದೆ ಬಿದ್ದಿದ್ದ, ಎಳೆಬಂಡಿಯ ಮೇಲೆ ಹಾಕಿ ಎಳೆಯುತ್ತಾ ಹೊಡೆದರು. ಅವನು ಸಾಯಲಿಲ್ಲ.

ಇಂಥವನಿಗೆ ಇಷ್ಟೂ ಆಗಲೇಬೇಕಿತ್ತು ಎಂದು ನಿಮಗನ್ನಿಸಬಹುದು. ಆದರೆ ಅದೇ 1685ರ ಶರತ್ಕಾಲದಲ್ಲಿ, ಒಂದು ದಂಗೆಯ ನಂತರ ಇದೇ ಜೆಫ್ರೀಸ್ ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲಿ ನೂರಾರು ಜನರಿಗೆ ಮರಣದಂಡನೆ ವಿಧಿಸುತ್ತಾ ಹೋದ. ಒಬ್ಬ ದುಷ್ಟನ ಮೇಲೆ ಕಾನೂನಿನ ಗೆರೆ ದಾಟಿದ ಕೈ ಮುಂದೆ ದುಷ್ಟರನ್ನೇ ಹುಡುಕಿಕೊಂಡು ಹೋಗುವುದಿಲ್ಲ.

1688ರ ಕ್ರಾಂತಿಯಲ್ಲಿ ಜೇಮ್ಸ್ ಓಡಿಹೋದ, ಪ್ರಾಟೆಸ್ಟೆಂಟ್ ರಾಜ ವಿಲಿಯಂ ಬಂದ. 1689ರಲ್ಲಿ ಓಟ್ಸ್ ಬಿಡುಗಡೆಯಾಗಿ ತನ್ನ ಶಿಕ್ಷೆಯನ್ನು ರದ್ದುಪಡಿಸಬೇಕೆಂದು ಪಾರ್ಲಿಮೆಂಟಿನ ಮೊರೆಹೊಕ್ಕ. ಆ ಶಿಕ್ಷೆ ಕಾನೂನಿಗೆ ಹೊರತಾದುದೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹೌಸ್ ಆಫ್ ಲಾರ್ಡ್ಸ್ ಹಿಂಜರಿಯಿತು. ಸುಳ್ಳು ಪ್ರಮಾಣದ ಅಪರಾಧಿ ಮತ್ತೆ ಸಾಕ್ಷಿ ಹೇಳಲು ಅನರ್ಹ. ಶಿಕ್ಷೆ ರದ್ದಾದರೆ ಆ ಅನರ್ಹತೆಯೂ ಹೋಗಿ, ಓಟ್ಸನ ಬಾಯಿ ಮತ್ತೆ ತೆರೆಯುತ್ತದೆ! ಶಿಕ್ಷೆ ರದ್ದಾದರೂ ಅವನ ಸಾಕ್ಷ್ಯವನ್ನು ಯಾವ ನ್ಯಾಯಾಲಯವೂ ಸ್ವೀಕರಿಸಬಾರದು ಎಂದು ಲಾರ್ಡ್ಸ್ ಪಟ್ಟು ಹಿಡಿಯಿತು, ಕಾಮನ್ಸ್ ಒಪ್ಪಲಿಲ್ಲ, ಮಸೂದೆ ಬಿದ್ದುಹೋಯಿತು. ಸೂರಃ ಅನ್ನೂರ್ ಛಡಿಯೇಟಿನ ಪಕ್ಕದಲ್ಲೇ ಇಟ್ಟ ಆ ಮಾತು ಈಗ ನೆನಪಾಗದಿರದು. ಕೊನೆಗೆ ರಾಜ ಕ್ಷಮಾದಾನ ಕೊಟ್ಟ, ವಾರಕ್ಕೆ 5 ಪೌಂಡ್ ಪಿಂಚಣಿಯನ್ನೂ ಕೊಟ್ಟ. 1705ರಲ್ಲಿ ಸಾಯುವವರೆಗೆ ಓಟ್ಸ್ ಬಹುಮಟ್ಟಿಗೆ ಸರಕಾರದ ಹಣದಲ್ಲೇ ಬದುಕಿದ. ಅವನಿಂದಾಗಿ ತಲೆ ಕಳೆದುಕೊಂಡ ಲಾರ್ಡ್ ಸ್ಟಾಫರ್ಡ್ ಮೇಲಿನ ತೀರ್ಪನ್ನು ಪಾರ್ಲಿಮೆಂಟು ರದ್ದುಪಡಿಸಿದ್ದು 1824ರಲ್ಲಿ, 144 ವರ್ಷಗಳ ಮೇಲೆ.

ಈ ಅನುಭವದಿಂದ ಇಂಗ್ಲೆಂಡು ಎರಡು ಪಾಠ ಕಲಿಯಿತು. ಕ್ರೂರವೂ ಅಸಾಧಾರಣವೂ ಆದ ಶಿಕ್ಷೆ ಕೂಡದೆಂಬ ಮಾತು 1689ರ ಹಕ್ಕುಗಳ ಮಸೂದೆಯಲ್ಲಿ ಸೇರಿತು. ಅಲ್ಲಿಂದ ಅದು 1791ರಲ್ಲಿ ಅಮೆರಿಕದ ಸಂವಿಧಾನಕ್ಕೂ ಹೋಯಿತು. 1696ರ ಕಾಯಿದೆಯೊಂದು ರಾಜದ್ರೋಹದ ಆರೋಪಿಗೆ ವಕೀಲನನ್ನೂ, ಆರೋಪಪಟ್ಟಿಯ ಪ್ರತಿಯನ್ನೂ, ಪ್ರಮಾಣ ಮಾಡಿ ಹೇಳುವ ಸಾಕ್ಷಿಗಳನ್ನೂ ಕೊಟ್ಟಿತು. ಸೇಂಟ್ ಓಮರ್‌ನ ಹುಡುಗರಿಗೆ 17 ವರ್ಷ ತಡವಾಗಿ ನ್ಯಾಯ ಸಿಕ್ಕಿತೆನ್ನಬೇಕು.

ಓಟ್ಸನ ಕಥೆಗೂ ನಮಗೂ ಏನು ಸಂಬಂಧ ಎಂದು ಕೇಳುವಿರಾ? ಸಂಬಂಧ ಮೆಕಾಲೆಯಲ್ಲಿದೆ. ನಮ್ಮ ಶಿಕ್ಷಣದ ಇತಿಹಾಸದಲ್ಲಿ ಈ ಹೆಸರಿಗೆ ಒಳ್ಳೆಯ ಮಾತು ಸಿಗುವುದು ಅಪರೂಪ. ಆದರೆ 1834ರಲ್ಲಿ ಭಾರತಕ್ಕೆ ಬಂದು ಮೊದಲ ಕಾನೂನು ಆಯೋಗದ ಮುಖ್ಯಸ್ಥನಾಗಿ 1837ರಲ್ಲಿ ದಂಡ ಸಂಹಿತೆಯ ಕರಡನ್ನು ಒಪ್ಪಿಸಿದವನು ಅವನೇ. 1848ರಲ್ಲಿ ಹೊರಬಂದ ತನ್ನ ಇಂಗ್ಲೆಂಡಿನ ಇತಿಹಾಸದಲ್ಲಿ ಓಟ್ಸನ ವಿಚಾರಣೆಯನ್ನು ವಿಸ್ತಾರವಾಗಿ ಬರೆದವನೂ ಅವನೇ. ಸುಳ್ಳು ಸಾಕ್ಷಿಯಿಂದ ಜೀವ ತೆಗೆಯುವುದು ನೀತಿಯ ದೃಷ್ಟಿಯಲ್ಲಿ ಕೊಲೆಯೇ, ಇಂಗ್ಲೆಂಡಿನ ಕಾನೂನು ಅದನ್ನು ಲಘು ಅಪರಾಧವೆಂದದ್ದು ದೊಡ್ಡ ಲೋಪ, ಆದರೂ ನ್ಯಾಯಾಧೀಶರು ಆ ಲೋಪವನ್ನು ಚಾಟಿಯಿಂದ ತುಂಬಲು ಹೋದದ್ದು ತಪ್ಪು ಎಂಬುದು ಅವನ ಅಭಿಪ್ರಾಯ.

1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆಯಲ್ಲಿ ಆ ಲೋಪವಿರಲಿಲ್ಲ. 194ನೇ ಕಲಮಿನ ಪ್ರಕಾರ, ಮರಣದಂಡನೆಯ ಅಪರಾಧದಲ್ಲಿ ಒಬ್ಬನನ್ನು ಸಿಕ್ಕಿಸಲು ಸುಳ್ಳು ಸಾಕ್ಷ್ಯ ಕೊಟ್ಟವನಿಗೆ ಜೀವಾವಧಿ ಅಥವಾ 10 ವರ್ಷಗಳವರೆಗಿನ ಕಠಿಣ ಸೆರೆ. ಅದರಿಂದ ನಿರಪರಾಧಿಯೊಬ್ಬ ಗಲ್ಲಿಗೇರಿದ್ದರೆ ಸುಳ್ಳು ಸಾಕ್ಷಿಗೂ ಮರಣದಂಡನೆ ವಿಧಿಸಬಹುದು. ಸುಳ್ಳು ಮೊಕದ್ದಮೆ ಹೂಡಿದವನಿಗೆ 211ನೇ ಕಲಮಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 230 ಮತ್ತು 248ನೇ ಕಲಮುಗಳಾಗಿವೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮೇಲ್ಪಟ್ಟ ಶಿಕ್ಷೆಯಿರುವ ಅಪರಾಧದ ಸುಳ್ಳು ಮೊಕದ್ದಮೆಗೆ ಈಗ 10 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಇದೆ. ಹಳೆಯ ಸಂಹಿತೆಯಲ್ಲಿ ಗಂಭೀರ ಆರೋಪಗಳಿಗೂ ಗರಿಷ್ಠ 7 ವರ್ಷವಿತ್ತು.

ವಿದ್ಯಾರ್ಥಿಗಳು ಇಲ್ಲಿ ಒಂದು ತಪ್ಪು ಕಲ್ಪನೆಗೆ ಒಳಗಾಗಬಾರದು. ಆರೋಪಿ ಬಿಡುಗಡೆಯಾದ ಮಾತ್ರಕ್ಕೆ ದೂರು ಸುಳ್ಳೆಂದು ಅರ್ಥವಲ್ಲ. ಸಾಕ್ಷ್ಯ ಸಾಲದೆಯೂ ಬಿಡುಗಡೆಯಾಗುತ್ತದೆ. ದೂರಿಗೆ ನ್ಯಾಯವಾದ ಆಧಾರವಿಲ್ಲವೆಂದು ತಿಳಿದೂ, ಹಾನಿ ಮಾಡುವ ಉದ್ದೇಶದಿಂದಲೇ ಕೊಟ್ಟಿದ್ದರೆ ಮಾತ್ರ ಅದು ಅಪರಾಧ. ಈ ಗೆರೆ ಇಲ್ಲದಿದ್ದರೆ ನಿಜವಾಗಿ ನೊಂದ ಹೆಣ್ಣುಮಗಳು, ನಿಜವಾಗಿ ಪೆಟ್ಟು ತಿಂದ ಬಡವ ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಿದ್ದರು. ಹಮ್ಮುರಬಿಯ ನಿಯಮದ ದೋಷ ಇದೇ. ಸುಳ್ಳನಿಗೂ ಸೋತವನಿಗೂ ಅಲ್ಲಿ ವ್ಯತ್ಯಾಸವಿರಲಿಲ್ಲ.

ಇನ್ನೊಂದು ವಿಷಯ. ನ್ಯಾಯಾಲಯದ ನಡಾವಳಿಯಲ್ಲಿ ನುಡಿದ ಸುಳ್ಳಿಗಾಗಿ ನೊಂದವನು ತಾನೇ ನೇರವಾಗಿ ಮೊಕದ್ದಮೆ ಹೂಡುವಂತಿಲ್ಲ. ಆ ನ್ಯಾಯಾಲಯವೇ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯ ಲಿಖಿತ ದೂರು ಕೊಡಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ 195 ಮತ್ತು 340ನೇ ಕಲಮುಗಳಿದ್ದವು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 215 ಮತ್ತು 379. ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ ಮಾತ್ರ ನ್ಯಾಯಾಲಯ ಹೀಗೆ ದೂರು ಕೊಟ್ಟರೆ ಸಾಕು, ಪ್ರತಿ ಸುಳ್ಳಿಗೂ ಕೊಡಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಇಕ್ಬಾಲ್ ಸಿಂಗ್ ಮರ್ವಾ ಪ್ರಕರಣದಲ್ಲಿ ಹೇಳಿತು. ಪ್ರತೀಕಾರದ ಮೊಕದ್ದಮೆಗಳಿಗೆ ಇದು ತಡೆ. ಆದರೆ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತು ನಿರ್ದೋಷಿಯಾಗಿ ಹೊರಬಂದವನು ತನ್ನನ್ನು ಸಿಕ್ಕಿಸಿದವರನ್ನು ಕಟಕಟೆಗೆ ತರುವುದಕ್ಕೂ ಇದು ಬಾಗಿಲಿನ ಅಗುಳಿಯಂತಿದೆ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಗೂಢಚಾರಿಕೆಯ ಆರೋಪದ ಮೇಲೆ ಬಂಧಿಸಲಾಯಿತು. 1996ರಲ್ಲಿ ಸಿಬಿಐ ಆ ಆರೋಪದಲ್ಲಿ ಹುರುಳಿಲ್ಲವೆಂದಿತು. ಸುಪ್ರೀಂ ಕೋರ್ಟ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2018ರಲ್ಲಿ. ದೇಶವೇ ಬಲ್ಲ ವಿಜ್ಞಾನಿಗೆ 24 ವರ್ಷ ಬೇಕಾಯಿತು. ನಿಮ್ಮಲ್ಲಿ ಯಾರಾದರೂ ವಕೀಲರಾದ ಮೇಲೆ ಹೆಸರಿಲ್ಲದ ಒಬ್ಬ ಕಕ್ಷಿದಾರ ಬಿಡುಗಡೆಯ ತೀರ್ಪು ಹಿಡಿದು ಎದುರಿಗೆ ಕುಳಿತರೆ, ಶುಭಾಶಯ ಹೇಳಿ ಕಳುಹಿಸುವ ಮೊದಲು 379ನೇ ಕಲಮಿನಡಿ ಅರ್ಜಿ ಹಾಕಲು ಆಧಾರವಿದೆಯೇ ಎಂದು ಸಾಕ್ಷಿಗಳ ಹೇಳಿಕೆಗಳನ್ನು ಒಮ್ಮೆ ತಿರುವಿ ನೋಡಿ. ಓಟ್ಸ್ ಸಿಕ್ಕಿಬಿದ್ದದ್ದು ಕೊನೆಗೂ ಒಂದು ತಾರೀಖಿನಲ್ಲಿ.